ಉಪ್ಪಿಗೂ ಅಯಸ್ಕಾಂತಕ್ಕೂ ಏನು ಸಂಬಂಧ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಗೆಳೆಯರಿಗೆ ಸವಳು ನೀರು ಅಂದರೆ ಏನಂತ ಹೇಳಿಕೊಡಬೇಕಾಗಿಲ್ಲ. ಬಾಗೇವಾಡಿ, ಮುದ್ದೇಬಿಹಾಳ ಭಾಗದಲ್ಲಿ ಹರಿಯುವ ಡೋಣಿ ಹೊಳೆಯ ನೀರೇ ಉಪ್ಪು. ಎಷ್ಟೋ ಬೋರ್‌ವೆಲ್ಲುಗಳ ಕಥೆಯೂ ಅಷ್ಟೇ. ಇಂಥ ನೀರಿಗೆ ಮದ್ದು ಅಂತ ಮಾರುವ ಸಾಮಾನುಗಳಲ್ಲಿ ಒಂದು, ಪೈಪಿಗೆ ಕಟ್ಟುವ ಅಯಸ್ಕಾಂತ. ಕರೆಂಟ್ ಬೇಡ, ಫಿಲ್ಟರ್ ಬೇಡ, ಕಟ್ಟಿದರೆ ಸಾಕು, ಸವಳು ಹೋಗುತ್ತದೆ ಅನ್ನುತ್ತಾರೆ. ನನ್ನ ಪ್ರಕಾರ ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ ಅಂತ ಊರಲ್ಲಿ ಹೇಳಬೇಕಾದವರು ಇಂಜಿನಿಯರಿಂಗ್ ಓದುತ್ತಿರುವ ನಾವೇ.

ಮೊದಲು ಉಪ್ಪಿನ ವಿಷಯ ನೋಡೋಣ. ಅದಕ್ಕೆ ಕಾಂತಗುಣ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಸೋಡಿಯಂ ಅಯಾನಿನಲ್ಲಿ 10, ಕ್ಲೋರೈಡಿನಲ್ಲಿ 18 ಎಲೆಕ್ಟ್ರಾನುಗಳು, ಎಲ್ಲವೂ ಜೋಡಿ ಜೋಡಿ. ಹಾಗಾಗಿ ಉಪ್ಪು ಡಯಾಮ್ಯಾಗ್ನೆಟಿಕ್. ಅಯಸ್ಕಾಂತ ಅದನ್ನು ಎಳೆಯುವುದಿಲ್ಲ, ತೀರಾ ಸಣ್ಣಗೆ ದೂಡುತ್ತದೆ. ಅದರ ಸಸೆಪ್ಟಿಬಿಲಿಟಿ ಸುಮಾರು −0.000014, ನೀರಿನದು ಸುಮಾರು −0.000009. ಎರಡೂ ಒಂದೇ ಜಾತಿ. 1997ರಲ್ಲಿ ನೆದರ್ಲೆಂಡ್ಸಿನ ನೈಮೇಖನ್‌ನಲ್ಲಿ ಆಂದ್ರೆ ಗೈಮ್ ಮತ್ತು ಸಂಗಡಿಗರು ಇದೇ ದೂಡುವ ಗುಣದಿಂದ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದರು. ಅದಕ್ಕೆ ಬೇಕಾದದ್ದು ಸುಮಾರು 16 ಟೆಸ್ಲಾ. ಪೈಪಿಗೆ ಕಟ್ಟುವ ಅಯಸ್ಕಾಂತ ಅರ್ಧ ಟೆಸ್ಲಾ ಮುಟ್ಟಿದರೆ ದೊಡ್ಡದು.

"ನೀರಲ್ಲಿ ಕರಗಿದ ಉಪ್ಪು ಅಯಾನ್ ಆಗಿರುತ್ತಲ್ಲ, ಹರಿಯುವ ಚಾರ್ಜಿಗೆ ಲೊರೆಂಟ್ಸ್ ಬಲ ಇದೆಯಲ್ಲ?" ಅಂತ ಕೇಳಬಹುದು. ಒಳ್ಳೆ ಪ್ರಶ್ನೆ, ಲೆಕ್ಕ ಹಾಕೋಣ. 0.3 ಟೆಸ್ಲಾ, ಸೆಕೆಂಡಿಗೆ 1 ಮೀಟರ್ ಹರಿವು, 25 ಮಿಲಿಮೀಟರ್ ಪೈಪು. ಮೂರನ್ನೂ ಗುಣಿಸಿದರೆ ಪೈಪಿನ ಎರಡು ಬದಿಗಳ ನಡುವೆ 7.5 ಮಿಲಿವೋಲ್ಟ್. ಡಯೋಡ್ ಪಾಠದಲ್ಲಿ ಓದಿದ ಥರ್ಮಲ್ ವೋಲ್ಟೇಜ್ ನೆನಪಿದೆಯಾ? ಸುಮಾರು 26 ಮಿಲಿವೋಲ್ಟ್. ಅಂದರೆ ನೀರಿನ ಬಿಸಿಯ ಕುಣಿತವೇ ಇದಕ್ಕಿಂತ ಜೋರು. ಈ ಸಣ್ಣ ವೋಲ್ಟೇಜಿನಿಂದ ಹರಿವನ್ನು ಅಳೆಯಬಹುದು, ಮ್ಯಾಗ್ನೆಟಿಕ್ ಫ್ಲೋ ಮೀಟರ್ ಮಾಡುವುದು ಅದನ್ನೇ. ಉಪ್ಪು ತೆಗೆಯಲು ಆಗುವುದಿಲ್ಲ. ಆ ಕಡೆ ಈ ಕಡೆ ಸರಿದ ಅಯಾನುಗಳು ಕೂಡ ನೀರಲ್ಲೇ ಉಳಿದಿರುತ್ತವೆ, ಹೊರಗೆಲ್ಲಿ ಹೋದವು?

ಇನ್ನು ಕೆಲವರು ಸವಳು ಹೊಲದ ಬಿಳಿ ಪುಡಿ ಕೆರೆದು, ಅದು ಅಯಸ್ಕಾಂತಕ್ಕೆ ಅಂಟುವುದನ್ನು ತೋರಿಸಬಹುದು. ಅಂಟುವುದು ನಿಜ ಇರಬಹುದು, ಆದರೆ ಅಂಟುವುದು ಉಪ್ಪಲ್ಲ. ನಮ್ಮ ಎರಿ ಮಣ್ಣು ಬಸಾಲ್ಟ್ ಕಲ್ಲಿನಿಂದ ಆದದ್ದು, ಅದರಲ್ಲಿ ಮ್ಯಾಗ್ನೆಟೈಟ್ ಕಣಗಳಿರುತ್ತವೆ. ಪುಡಿಯನ್ನು ನೀರಲ್ಲಿ ಕರಗಿಸಿ, ಸೋಸಿ, ಒಣಗಿಸಿ ಮತ್ತೆ ಅಯಸ್ಕಾಂತ ಹಿಡಿಯಿರಿ. ಆಮೇಲೆ ಏನೂ ಅಂಟುವುದಿಲ್ಲ.

ಒಂದು ಮಾತು ಒಪ್ಪಬೇಕು. ಡ್ರಿಪ್ ಪೈಪಿನಲ್ಲಿ ಕಟ್ಟುವ ಸುಣ್ಣದ ಗಟ್ಟಿಯ ಮೇಲೆ ಅಯಸ್ಕಾಂತ ಏನಾದರೂ ಪರಿಣಾಮ ಮಾಡುತ್ತದಾ ಅನ್ನುವ ಬಗ್ಗೆ ಪ್ರಯೋಗಗಳು ನಡೆದಿವೆ, ಫಲಿತಾಂಶ ಒಂದೇ ತೆರನಾಗಿಲ್ಲ. ಆದರೆ ಗಟ್ಟಿ ಬೇರೆ, ಸವಳು ಬೇರೆ. ಲಿಂಬೆ ಗಿಡದ ಬೇರಿಗೆ ತೊಂದರೆ ಕೊಡುವುದು ಕರಗಿದ ಉಪ್ಪು. ಅದು ಕಡಿಮೆಯಾಗದೆ ರೈತನಿಗೆ ಲಾಭವಿಲ್ಲ.

ಹಾಗಾದರೆ ನಾವೇನು ಮಾಡಬೇಕು? ರಜೆಗೆ ಊರಿಗೆ ಹೋಗುವಾಗ ಒಂದು ಟಿಡಿಎಸ್ ಮೀಟರ್ ಒಯ್ಯಿರಿ. ಅಯಸ್ಕಾಂತಕ್ಕೆ ಮುಂಚೆ ಒಂದು ಲೋಟ, ಆದ ಮೇಲೆ ಒಂದು ಲೋಟ ನೀರು ಹಿಡಿದು ರೈತನ ಎದುರಿಗೇ ಅಳೆಯಿರಿ. ಮಾರುವವರಿದ್ದರೆ ಅವರನ್ನೂ ಕರೆಯಿರಿ. ನಂಬರ್ ಇಳಿಯದಿದ್ದರೆ ದುಡ್ಡು ಕಿಸೆಯಲ್ಲೇ ಇರಲಿ. ಕುಡಿಯುವ ನೀರಿಗೆ ಆರ್‌ಓ ಇದೆ. ಹೊಲಕ್ಕೆ ಬಸಿಗಾಲುವೆ ಇದೆ, ಸೋಡಿಯಂ ಜಾಸ್ತಿ ಇದ್ದರೆ ಜಿಪ್ಸಂ ಇದೆ, ಆದರೆ ಮಣ್ಣು ಪರೀಕ್ಷೆ ಮೊದಲು. ಇವುಗಳಿಗೆ ಖರ್ಚಿದೆ, ಬೆವರಿದೆ, ಆದರೆ ಉಪ್ಪು ಎಲ್ಲಿಗೆ ಹೋಯಿತು ಅಂತ ತೋರಿಸಬಹುದು. ಯಾವ ಮಷೀನ್ ಬಂದರೂ ಕೇಳಬೇಕಾದ ಪ್ರಶ್ನೆ ಇಷ್ಟೇ: ತೆಗೆದ ಉಪ್ಪು ಎಲ್ಲೈತ್ರೀ, ತೋರಸ್ರಿ?