ಚಿತ್ರಕಾರನೂ ನಗರದ ಬೀದಿಯೂ

ಚಿತ್ರವೆಂದರೆ ದೇವತೆಗಳ, ರಾಜರ್ಷಿಗಳ, ಅಪ್ಸರೆಯರ ರೂಪವೇ ಸರಿ. ಸಂತೆ, ಸಾಲುಮರ, ಬಸ್ಸಿನ ನಿಲ್ದಾಣ ಇವು ಕುಂಚಕ್ಕೆ ತಕ್ಕ ವಸ್ತುಗಳಲ್ಲವೆಂದು ವಾದಿಸುವ ಪಂಡಿತರು ಇನ್ನೂ ಇದ್ದಾರೆ. ಶಾಸ್ತ್ರವು ತಮ್ಮ ಪಕ್ಷದಲ್ಲಿದೆಯೆಂದು ಅವರ ನಂಬಿಕೆ. ಗ್ರಂಥವನ್ನು ತೆರೆದು ನೋಡಿದ್ದರೆ ಈ ನಂಬಿಕೆ ಉಳಿಯುತ್ತಿರಲಿಲ್ಲ.

ವಿಷ್ಣುಧರ್ಮೋತ್ತರ ಪುರಾಣದ ತೃತೀಯ ಖಂಡದಲ್ಲಿರುವ ಚಿತ್ರಸೂತ್ರವು ದೇವತೆಗಳ ಪ್ರಮಾಣವನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ನಗರವನ್ನು ಬರೆಯುವಾಗ ಮನೆಗಳನ್ನೂ ಅಂಗಡಿಗಳನ್ನೂ ರಾಜಮಾರ್ಗಗಳನ್ನೂ ತೋರಿಸಬೇಕೆಂದು ವಿಧಿಸುತ್ತದೆ. ಪಾನಭೂಮಿಯನ್ನೂ ದ್ಯೂತಗಾರರನ್ನೂ ಸಹ ಬಿಟ್ಟಿಲ್ಲ. ಜೂಜುಕೋರನಿಗೆ ಎಡೆಗೊಟ್ಟ ಶಾಸ್ತ್ರವು ತರಕಾರಿ ಮಾರುವವಳನ್ನು ಹೊರಗೆ ನಿಲ್ಲಿಸೀತೆ?

ಕಾವ್ಯದ ಮಾರ್ಗವೂ ಇದೇ. ಮೇಘದೂತದಲ್ಲಿ ಮೇಘವು ದಾರಿ ಬಳಸಿಯಾದರೂ ಉಜ್ಜಯಿನಿಯನ್ನು ನೋಡಿ ಹೋಗಬೇಕು. ಕಾಳಿದಾಸನು ತಾನು ಬಲ್ಲ ನಗರವನ್ನೂ ತಾನು ಬಲ್ಲ ಗಿಡಮರಗಳನ್ನೂ ಬಣ್ಣಿಸಿದನು. ಅವನ ಅಶೋಕ ಕುರವಕಗಳನ್ನು ಇಂದು ನಕಲುಮಾಡುವವನು ಅವನ ಮಾತನ್ನು ಕಲಿತನೇ ಹೊರತು ಅವನ ಕಣ್ಣನ್ನು ಕಲಿಯಲಿಲ್ಲ.

ಅಂಥ ಕಣ್ಣುಳ್ಳವರಲ್ಲಿ ರುಮಾಲೆ ಚನ್ನಬಸವಯ್ಯನವರು (1910–1988) ಒಬ್ಬರು. ಸ್ವಾತಂತ್ರ್ಯ ಸಂಗ್ರಾಮದಲ್ಲಿಯೂ ರಾಜಕಾರಣದಲ್ಲಿಯೂ ಅನೇಕ ವರ್ಷಗಳನ್ನು ಕಳೆದು ಮತ್ತೆ ಕುಂಚ ಹಿಡಿದ ಅವರು, ಬೆಂಗಳೂರಿನ ಬೀದಿಗಳನ್ನೂ ಉದ್ಯಾನಗಳನ್ನೂ ಹೂತ ಮರಗಳನ್ನೂ ಸ್ಥಳದಲ್ಲಿಯೇ ನಿಂತು ಬರೆದರು. ಆ ಮರಗಳಲ್ಲಿ ಗುಲ್‌ಮೊಹರು ಮಡಗಾಸ್ಕರಿನದು, ಜಕರಂದ ದಕ್ಷಿಣ ಅಮೆರಿಕದ್ದು. ಯಾವ ಪುರಾಣವೂ ಇವುಗಳ ಹೆಸರನ್ನು ಅರಿಯದು. ಆದರೂ ಆ ಕೆಂಪು, ಆ ನೀಲಿ ರಸಿಕನ ಮನಸ್ಸನ್ನು ಹಿಡಿಯುತ್ತವೆ. ಪುರಾಣದ ಮುದ್ರೆಯಿಲ್ಲದೆ ಸೌಂದರ್ಯವಿಲ್ಲವೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ನಗರದಲ್ಲಿ ಹೊಗೆ ಧೂಳುಗಳೇ ಹೆಚ್ಚಲ್ಲವೆ ಎಂದು ಕೇಳಬಹುದು. ನಿಜ. ಆದರೆ 1877ರಲ್ಲಿ ಕ್ಲಾದ್ ಮೊನೆಯು ಪ್ಯಾರಿಸ್ಸಿನ ಸಾಂ ಲಜಾರ್ ರೈಲು ನಿಲ್ದಾಣದಲ್ಲಿ ನಿಂತು, ಎಂಜಿನ್ನಿನ ಹೊಗೆಯ ಮೇಲೆ ಬೆಳಕು ಆಡುವ ಬಗೆಯನ್ನು ಚಿತ್ರದ ಮೇಲೆ ಚಿತ್ರವಾಗಿ ಬರೆದನು. ಹೊಗೆ ಹೊಗೆಯಾಗಿಯೇ ಉಳಿಯಿತು. ನೋಡುವವನ ದೃಷ್ಟಿ ಬದಲಾಯಿತು.

ಇದು ಪಂಡಿತರ ಜಗಲಿಯಲ್ಲಿ ಮುಗಿಯುವ ಚರ್ಚೆಯಲ್ಲ. ಇದರ ಫಲವನ್ನು ಮಕ್ಕಳು ಉಣ್ಣುತ್ತಿದ್ದಾರೆ. ಬಯಲುಸೀಮೆಯ ಬಾಲಕನೂ ಹಾಳೆಯ ಮೇಲೆ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರವನ್ನೇ ಬರೆಯುತ್ತಾನೆ; ತನ್ನ ಮನೆಯ ಮುಂದಿನ ಬೇವನ್ನು ಬರೆಯಬಹುದೆಂದು ಅವನಿಗೆ ಯಾರೂ ಹೇಳಿಲ್ಲ. ರಸ್ತೆಯನ್ನು ಅಗಲಮಾಡಲು ನಾಳೆ ಆ ಬೇವನ್ನು ಕಡಿದರೆ ಅವನಿಗೆ ವ್ಯಸನವೂ ಆಗದು, ಏಕೆಂದರೆ ಅವನು ಅದನ್ನು ಎಂದೂ ನೋಡಿರಲಿಲ್ಲ. ಆದುದರಿಂದ ಚಿತ್ರದ ತರಗತಿಗಳಲ್ಲಿ ಅಚ್ಚಿನ ಮಾದರಿಗಳನ್ನು ಕಟ್ಟಿಟ್ಟು, ಉಪಾಧ್ಯಾಯರು ವಾರಕ್ಕೊಮ್ಮೆಯಾದರೂ ಮಕ್ಕಳನ್ನು ಬೀದಿಯಲ್ಲಿ ಕೂರಿಸಿ ಬರೆಯಿಸಲಿ.