‘ಎಡ ಮಿದುಳಿನವರಿಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂಬುದು ನಿಜವೇ?

ಗಿರಗಿರನೆ ತಿರುಗುವ ನರ್ತಕಿಯ ಕಪ್ಪು ಆಕೃತಿಯೊಂದು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಆಕೆ ಗಡಿಯಾರದ ದಿಕ್ಕಿನಲ್ಲಿ ತಿರುಗಿದಂತೆ ಕಂಡರೆ ನಿಮ್ಮದು ಬಲ ಮಿದುಳು, ನೀವು ಕಲಾವಿದರು; ವಿರುದ್ಧ ದಿಕ್ಕಿನಲ್ಲಿ ಕಂಡರೆ ಎಡ ಮಿದುಳು, ನಿಮಗೆ ಲೆಕ್ಕವೇ ಸರಿ ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ಇದನ್ನು ನಂಬಿ ‘ನನ್ನ ಕೈಲಿ ಚಿತ್ರ ಆಗಲ್ಲ’ ಎಂದು ಪೆನ್ಸಿಲ್ ಕೆಳಗಿಟ್ಟವರಿದ್ದಾರೆ. ನಿಜಾಂಶವೇನು ನೋಡೋಣ.

ಆ ನರ್ತಕಿಯನ್ನು 2003ರಲ್ಲಿ ರಚಿಸಿದವರು ಜಪಾನಿನ ವಿನ್ಯಾಸಕಾರ ನೊಬುಯುಕಿ ಕಯಹರಾ. ಅದು ಮಿದುಳಿನ ಪರೀಕ್ಷೆಯಲ್ಲ, ದೃಷ್ಟಿಭ್ರಮೆ. ಆಕೃತಿ ಪೂರ್ತಿ ಕಪ್ಪಾಗಿದೆ, ಬೆಳಕು-ನೆರಳಿನ ಸುಳಿವೇ ಇಲ್ಲ. ಎತ್ತಿದ ಕಾಲು ಮುಂದಿದೆಯೋ ಹಿಂದಿದೆಯೋ ತಿಳಿಯದೆ ಮಿದುಳು ಒಂದನ್ನು ಊಹಿಸಿಕೊಳ್ಳುತ್ತದೆ, ಅಷ್ಟೇ.

ಭಾಷೆಯಂಥ ಕೆಲವು ಕೆಲಸಗಳು ಮಿದುಳಿನ ಒಂದು ಬದಿಗೆ ಹೆಚ್ಚು ವಾಲಿರುವುದು ನಿಜ. ಆದರೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನ್‌ಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವರು ‘ಎಡ ಮಿದುಳಿನವರು’, ಕೆಲವರು ‘ಬಲ ಮಿದುಳಿನವರು’ ಎನ್ನಲು ಪುರಾವೆ ಸಿಗಲಿಲ್ಲ.

ಹಾಗಾದರೆ ನಾವು ಬರೆದ ಲೋಟ ಲೋಟದಂತೆ ಕಾಣುವುದಿಲ್ಲವೇಕೆ? ತಪ್ಪುವುದು ಹೆಚ್ಚಾಗಿ ಕೈಯಲ್ಲ, ನೋಟ. ಲೋಟದ ಬಾಯಿ ದುಂಡಗಿದೆ ಎಂದು ನಮಗೆ ಗೊತ್ತು, ಹಾಗಾಗಿ ದುಂಡಗೆ ಬರೆಯುತ್ತೇವೆ. ಅದು ಮೇಜಿನ ಮೇಲೆ ಸಪಾಟಾಗಿ ಕೂತಿದೆ ಎಂದು ಗೊತ್ತು, ಹಾಗಾಗಿ ತಳಕ್ಕೆ ನೇರ ಗೆರೆ ಎಳೆಯುತ್ತೇವೆ. ಕಂಡದ್ದನ್ನು ಬಿಟ್ಟು ಗೊತ್ತಿರುವುದನ್ನು ಬರೆಯುತ್ತೇವೆ. 1931ರಲ್ಲೇ ಮನೋವಿಜ್ಞಾನಿ ರಾಬರ್ಟ್ ಥೌಲೆಸ್ ಇದನ್ನು ಪ್ರಯೋಗಗಳಲ್ಲಿ ತೋರಿಸಿದ್ದರು: ಓರೆಯಾಗಿ ಕಾಣುವ ಬಿಲ್ಲೆಯನ್ನು ಜನ ಇರುವುದಕ್ಕಿಂತ ಹೆಚ್ಚು ದುಂಡಗೆ ಗ್ರಹಿಸುತ್ತಾರೆ.

ನೀವೇ ಪರೀಕ್ಷಿಸಿ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಬಾಯಿ ಬರೀ ಒಂದು ಗೆರೆ. ನಿಧಾನವಾಗಿ ಕೆಳಗಿಳಿಸಿ, ಗೆರೆ ಅಂಡಾಕಾರವಾಗಿ ಅಗಲವಾಗುತ್ತದೆ. ತಳ ಇನ್ನೂ ಕೆಳಗಿರುವುದರಿಂದ ಅದರ ಬಾಗು ಬಾಯಿಯ ಬಾಗಿಗಿಂತ ಹೆಚ್ಚು.

ನೆರಳಿನಲ್ಲೂ ಇದೇ ಮೋಸ. ವಿಜ್ಞಾನಿ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ರಚಿಸಿದ ಚದುರಂಗ ಮಣೆಯ ಚಿತ್ರದಲ್ಲಿ, ನೆರಳಿನೊಳಗಿನ ‘ಬಿಳಿ’ ಮನೆ ಮತ್ತು ಹೊರಗಿನ ‘ಕಪ್ಪು’ ಮನೆ ಎರಡೂ ಒಂದೇ ಬೂದು ಬಣ್ಣದವು. ಆದರೂ ಕಣ್ಣು ಒಪ್ಪುವುದಿಲ್ಲ. ಬಿಳಿ ಕಪ್ಪಿನ ನೆರಳು ಬದಿಯನ್ನು ನಾವು ಬಿಳಿಯಾಗಿಯೇ ಬಿಟ್ಟು, ಚಿತ್ರ ಚಪ್ಪಟೆಯಾಗುವುದು ಇದರಿಂದಲೇ.

ಮನೆಯಲ್ಲಿ ಕಲಿಯುವುದು ಹೀಗೆ:

• ಹೊಳೆಯುವ ಸ್ಟೀಲ್ ಪಾತ್ರೆ ಸುತ್ತಲಿನದ್ದನ್ನೆಲ್ಲ ಪ್ರತಿಬಿಂಬಿಸುತ್ತದೆ, ಆರಂಭಕ್ಕೆ ಕಷ್ಟ. ಮೊಟ್ಟೆ, ಮಣ್ಣಿನ ಕುಡಿಕೆ ಅಥವಾ ಬಿಳಿ ಕಪ್ ಆರಿಸಿಕೊಳ್ಳಿ.

• ಬೆಳಕು ಒಂದೇ ಕಡೆಯಿಂದ ಬರಲಿ. ಕಿಟಕಿ ಸಾಕು, ಉಳಿದ ದೀಪ ಆರಿಸಿ.

• ಕಣ್ಣು ಕಿರಿದಾಗಿಸಿ ನೋಡಿ. ಚಿಕ್ಕಪುಟ್ಟ ವಿವರ ಮಾಯವಾಗಿ ತಿಳಿ, ನಡು, ಗಾಢ ಭಾಗಗಳು ಉಳಿಯುತ್ತವೆ. ಅನುಮಾನವಿದ್ದರೆ ಕಾಗದದಲ್ಲಿ ಸಣ್ಣ ತೂತು ಮಾಡಿ ಅದರ ಮೂಲಕ ಹೋಲಿಸಿ.

• ಎಚ್‌ಬಿ ಪೆನ್ಸಿಲ್‌ನಲ್ಲಿ ಹಗುರವಾಗಿ ಆಕಾರ, 2ಬಿಯಲ್ಲಿ ನಡು ನೆರಳು, 4ಬಿಯಲ್ಲಿ ಗಾಢ ನೆರಳು. ವಸ್ತು ಮೇಜಿಗೆ ತಾಗುವ ಜಾಗವೇ ಸಾಮಾನ್ಯವಾಗಿ ಅತಿ ಗಾಢ. ನೆರಳು ಬದಿಯ ಅಂಚಿನಲ್ಲಿ ಮೇಜಿನಿಂದ ಚಿಮ್ಮಿದ ಮಂದ ಬೆಳಕಿರುತ್ತದೆ. ಅದನ್ನು ಬಿಟ್ಟರೆ ದುಂಡುತನ ಬಾರದು.

ಎಲ್ಲರೂ ದೊಡ್ಡ ಕಲಾವಿದರಾಗುತ್ತಾರೆ ಎಂದು ನಾವು ಹೇಳುತ್ತಿಲ್ಲ. ಕೆಲವರು ಬೇಗ ಕಲಿಯುತ್ತಾರೆ, ಕೆಲವರು ನಿಧಾನ. ಆದರೆ ನೋಡುವುದನ್ನು ಕಲಿಯಬಹುದು. ಆ ಫಾರ್ವರ್ಡ್ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಮುನ್ನ ಮನೆಯ ಮಗುವಿನ ಮುಂದೆ ಒಂದು ಲೋಟ ಇಟ್ಟು, ಪಕ್ಕದಲ್ಲಿ ನೀವೂ ಪೆನ್ಸಿಲ್ ಹಿಡಿದು ಕೂತು ನೋಡಿ.