ಬಸ್ ಫ್ರೀ, ಮಗು ಫ್ರೀ: ಬೀಚ್ ಟ್ರಿಪ್ ಲೆಕ್ಕ ತಪ್ಪುವುದು ಲಾಡ್ಜ್‌ನಲ್ಲಿ

ಮುಳ್ಳೂರು (ಕೊಳ್ಳೇಗಾಲ): ನಮ್ಮ ಕೊಳ್ಳೇಗಾಲ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 766ರ ಇನ್ನೊಂದು ತುದಿ ಇರುವುದು ಕೇರಳದ ಕೋಝಿಕ್ಕೋಡ್‌ನಲ್ಲಿ, ಸಮುದ್ರದ ದಡದಲ್ಲಿ. ದೂರ ಸುಮಾರು 270 ಕಿ.ಮೀ. ಆದರೂ ಮನೆಯಲ್ಲಿ ಎರಡು ವರ್ಷದ ಮಗು ಇದ್ದರೆ 'ಸಮುದ್ರ ಎಲ್ಲಿಗೂ ಓಡಿಹೋಗಲ್ಲ, ಮಗು ದೊಡ್ಡದಾಗಲಿ' ಅಂತ ಹಿರಿಯರು ತಡೆಯುತ್ತಾರೆ.

ಲೆಕ್ಕ ಹಾಕಿ ನೋಡಿದರೆ ವಿಷಯ ಉಲ್ಟಾ. ಕಡಿಮೆ ಖರ್ಚಲ್ಲಿ ಕಡಲು ನೋಡಲು ಮಗು ಶಾಲೆಗೆ ಸೇರುವ ಮುಂಚಿನ ವರ್ಷಗಳೇ ಸರಿ. ಆದರೆ ಟಿಕೆಟ್‌ನಲ್ಲಿ ಉಳಿದ ದುಡ್ಡನ್ನು ಇನ್ನೊಂದು ಊರು ಸುತ್ತಲು ಹಾಕಬಾರದು, ಸರಿಯಾದ ರೂಮಿಗೆ ಹಾಕಬೇಕು.

ಫ್ರೀ ಎಲ್ಲಿಯವರೆಗೆ?

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ಇಲ್ಲ. ಆರು ವರ್ಷದೊಳಗಿನ ಮಗುವಿಗೂ ಇಲ್ಲ. ಧರ್ಮಸ್ಥಳಕ್ಕೆ ಹೋದವರು ಹಾಗೇ ಮಂಗಳೂರು, ಮಲ್ಪೆ ನೋಡಿಕೊಂಡು ಬರುವುದು ಇದರಿಂದ ಸುಲಭವಾಯಿತು. ಗಂಡಸರಿಗೆ ಮಾತ್ರ 2025ರ ಜನವರಿ 5ರಿಂದ ಶೇ 15ರಷ್ಟು ಏರಿದ ದರ.

ಆದರೆ ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಶಕ್ತಿ ಇಲ್ಲ. ಕೇರಳಕ್ಕೆ ಹೋಗುವ ಅಂತರರಾಜ್ಯ ಬಸ್ಸಿಗೂ ಇಲ್ಲ. ಹಾಗಾಗಿ ಕೋಝಿಕ್ಕೋಡ್ ಹತ್ತಿರವಿದ್ದರೂ ಇಡೀ ಮನೆಗೆ ಟಿಕೆಟ್ ತೆಗೆಯಬೇಕು. ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ವಯನಾಡಿನ ಘಾಟಿಯ ಒಂಬತ್ತು ತಿರುವುಗಳಲ್ಲಿ ಮಗು ವಾಂತಿ ಮಾಡಿಕೊಳ್ಳದಿದ್ದರೆ ಅದೃಷ್ಟ.

ಇನ್ನೊಂದು ದಾರಿ ರೈಲು. ಬೆಂಗಳೂರು–ಮುರುಡೇಶ್ವರ ಎಕ್ಸ್‌ಪ್ರೆಸ್ ಮೈಸೂರು ಮೇಲೆ ಹೋಗುತ್ತದೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಮಂಗಳೂರು. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಟಿಕೆಟ್ ಬೇಡ. ತಾಯಿಯ ಟಿಕೆಟ್ ಖರ್ಚಾಗುತ್ತದೆ ನಿಜ, ಆದರೆ ಮಗು ಮಲಗಿಕೊಂಡು ಹೋಗುತ್ತದೆ. ಹಗಲಿಡೀ ಬಸ್ಸಲ್ಲಿ ಮಗುವನ್ನು ತೊಡೆ ಮೇಲೆ ಇಟ್ಟುಕೊಳ್ಳುವುದು ತಾಯಿಯೇ ತಾನೇ? ಆ ಲೆಕ್ಕವನ್ನೂ ಹಿಡಿಯಬೇಕು.

ರೂಮಿನ ಗಣಿತ

2022ರ ಜುಲೈ ಮಧ್ಯದವರೆಗೆ ದಿನಕ್ಕೆ 1,000 ರೂ. ಒಳಗಿನ ರೂಮಿಗೆ ಜಿಎಸ್‌ಟಿ ಇರಲಿಲ್ಲ. ಜುಲೈ 18ರಿಂದ ಶೇ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 5ಕ್ಕೆ ಇಳಿದಿದೆ. 900 ರೂಪಾಯಿಯ ರೂಮು ಎರಡು ದಿನಕ್ಕೆ ಹಿಡಿದರೆ ತೆರಿಗೆ 216 ರೂ. ಇದ್ದದ್ದು ಈಗ 90 ರೂ. ಉಳಿತಾಯ 126 ರೂ.

ಇದನ್ನು ನುಂಗಿ ಹಾಕುವುದು ಚೆಕ್‌ಔಟ್ ಗಡಿಯಾರ. ಕೆಲವು ಲಾಡ್ಜ್‌ಗಳಲ್ಲಿ ನೀವು ಬಂದ ಹೊತ್ತಿನಿಂದ 24 ಗಂಟೆ. ಇನ್ನು ಕೆಲವು ಕಡೆ ಮಧ್ಯಾಹ್ನ 12ರಿಂದ 12. ಬೆಳಿಗ್ಗೆ 9ಕ್ಕೆ ಮಗು ಎತ್ತಿಕೊಂಡು ಹೋದವರಿಗೆ ಎರಡನೇ ಕಡೆ ಒಂದೋ ಮೂರು ಗಂಟೆ ಕಾಯಬೇಕು, ಇಲ್ಲ ಒಂದು ದಿನದ ಬಾಡಿಗೆ ಹೆಚ್ಚು ಕೊಡಬೇಕು. ತೆರಿಗೆಯಲ್ಲಿ ಉಳಿದದ್ದು 126, ಗಡಿಯಾರಕ್ಕೆ ಹೋದದ್ದು 900!

ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಬರುತ್ತೆ, ಕರೆಂಟ್ ಹೋದರೆ ಫ್ಯಾನ್ ತಿರುಗುತ್ತಾ, ರೂಮು ಯಾವ ಮಹಡಿಯಲ್ಲಿದೆ ಅಂತ ಫೋನಲ್ಲೇ ಕೇಳ್ಕೊಳ್ಳಿ. ಊಟಕ್ಕೆ ಕುಳಿತಾಗ ಬೆಳ್ತಿಗೆ ಅನ್ನ ಕೇಳಿ. ಕರಾವಳಿಯ ದಪ್ಪ ಕುಚ್ಚಲಕ್ಕಿ ಅನ್ನ ನಮ್ಮ ಕಡೆ ಮಕ್ಕಳಿಗೆ ಅಭ್ಯಾಸವಿಲ್ಲ. ಮನೆಯಿಂದ ಒಂದು ಡಬ್ಬ ಹುರಿಹಿಟ್ಟು ಇದ್ದರೆ ಒಂದು ಹೊತ್ತು ದಾಟುತ್ತದೆ. ಡಯಾಪರ್, ಓಆರ್‌ಎಸ್ ಪೊಟ್ಟಣ ಇಲ್ಲೇ ಕೊಂಡುಕೊಂಡು ಹೋಗುವುದು ಒಳ್ಳೆಯದು. ರಾತ್ರಿ ಹತ್ತಕ್ಕೆ ಗೊತ್ತಿಲ್ಲದ ಊರಲ್ಲಿ ಮೆಡಿಕಲ್ ಸ್ಟೋರ್ ಹುಡುಕುವುದು ತಪ್ಪುತ್ತದೆ.

ಯಾವಾಗ ಹೋಗೋದು?

ಶಾಲೆ ಇಲ್ಲದ ಮಗುವಿನ ದೊಡ್ಡ ಲಾಭ ಇದು: ದಸರಾ ರಜೆ, ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ಹೋಗುವ ಅಗತ್ಯ ಇಲ್ಲ. ಚಿಕ್ಕಲ್ಲೂರು ಜಾತ್ರೆ ಮುಗಿದು, ಮಾದಪ್ಪನ ಬೆಟ್ಟದ ಶಿವರಾತ್ರಿ ಜಾತ್ರೆ ಶುರುವಾಗುವ ಮುಂಚಿನ ವಾರಗಳಲ್ಲಿ ಭತ್ತದ ಕೊಯ್ಲೂ ಮುಗಿದಿರುತ್ತದೆ, ಅಂಗಡಿಯವರಿಗೂ ಸ್ವಲ್ಪ ಬಿಡುವು. ಸೋಮವಾರ ಹೊರಟು ಗುರುವಾರ ವಾಪಸ್ ಬಂದರೆ ಬಾಡಿಗೆಯಲ್ಲಿ ಚೌಕಾಸಿಗೂ ಜಾಗ ಇರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಬೇಡ. ಮಳೆಗಾಲದ ಕಡಲಿಗೆ ಇಳಿಯಲು ಬಿಡುವುದಿಲ್ಲ.

ನದಿಯಲ್ಲ, ಸಮುದ್ರ

ಕಬಿನಿ, ಕೆಆರ್‌ಎಸ್ ಗೇಟು ಎತ್ತಿದಾಗ ಕಾವೇರಿ ಮನೆ ಬಾಗಿಲಿಗೆ ಬರುವುದನ್ನು ಕಂಡವರು ನಾವು. ನೀರು ಗೊತ್ತು ಅನ್ನುವ ಧೈರ್ಯ ಅಲ್ಲಿ ನಡೆಯಲ್ಲ. ಸಮುದ್ರದ ಅಲೆ ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಪ್ರಾಣ ಕಳೆದುಕೊಂಡರು. ಅವರು ಕೈಗೂಸುಗಳಲ್ಲ, ಹೈಸ್ಕೂಲ್ ವಯಸ್ಸಿನವರು.

ಜೀವರಕ್ಷಕರು, ಶೌಚಾಲಯ, ಬಟ್ಟೆ ಬದಲಿಸುವ ಜಾಗ ಇರುವ ಬೀಚನ್ನೇ ಆರಿಸಿ. ಉಡುಪಿ ಜಿಲ್ಲೆಯ ಪಡುಬಿದ್ರಿ, ಹೊನ್ನಾವರದ ಕಾಸರಕೋಡು 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದದ್ದು ಇಂಥ ಸೌಕರ್ಯಗಳಿಗೇ. ಎರಡು ವರ್ಷದ ಮಗುವಿಗೆ ಒದ್ದೆ ಮರಳೇ ಸಾಕು, ಅಲೆ ಬೇಡ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಮಧ್ಯಾಹ್ನ ರೂಮಲ್ಲಿ ನಿದ್ದೆ. ಅದಕ್ಕೇ ರೂಮು ಚೆನ್ನಾಗಿರಬೇಕು ಅಂದದ್ದು.

ಒಂದೇ ಊರು, ಎರಡು ರಾತ್ರಿ. ಮೂರು ದಿನಕ್ಕೆ ಐದು ಊರು ಸುತ್ತಿದರೆ ಮಗುವಿಗೆ ಜ್ವರ, ಮನೆಯವರಿಗೆ ಜಗಳ, ಕೊಟ್ಟ ಅಡ್ವಾನ್ಸ್ ನೀರುಪಾಲು.

ಕೊನೆಗೆ ನಮ್ಮ ಲಾಡ್ಜ್, ಹೋಟೆಲಿನವರಿಗೂ ಒಂದು ಮಾತು. ಭರಚುಕ್ಕಿಗೆ, ಮಾದಪ್ಪನ ಬೆಟ್ಟಕ್ಕೆ ಮಗು ಎತ್ತಿಕೊಂಡು ಬರುವವರು ಇವೇ ಪ್ರಶ್ನೆಗಳನ್ನು ಇಲ್ಲೂ ಕೇಳುತ್ತಾರೆ. ಬಿಸಿನೀರು ಎಷ್ಟೊತ್ತಿಗೆ, ಚೆಕ್‌ಔಟ್ ಎಷ್ಟೊತ್ತಿಗೆ ಅಂತ ಕೌಂಟರ್ ಮೇಲೆ ಒಂದು ಬೋರ್ಡ್ ಬರೆದು ಹಾಕಲು ಖರ್ಚೇನೂ ಇಲ್ಲವಲ್ಲ?